ಹೊಸಕಟ್ಟಿಗೆ ಹೋದ ವೀಳ್ಯ

ನಾನು ಕಾರವಾರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ನರೆತ ಕೂದಲನ್ನು ಕಪ್ಪು ಮಾಡುವುದು, ಎರಡು ಗದ್ದ ಇದ್ದವರಿಗೆ ಒಂದನ್ನು ಇಳಿಸಿಕೊಡುವುದು, ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರನ್ನು ಒಂದೇ ಬ್ಯಾನರಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸುವುದು ನನ್ನ ಉದ್ಯೋಗ. ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ನಾನು ಹಾಕುವ ಹೂವಿನ ಚೌಕಟ್ಟು ಒಂದೇ. ಈವರೆಗೆ ಯಾರೂ ದೂರಿಲ್ಲ. ಹುಟ್ಟುಹಬ್ಬದವರು ನೋಡಿ ಖುಷಿಪಡುತ್ತಾರೆ, ಇನ್ನೊಂದು ಕಡೆಯವರು ನೋಡಲು ಇರುವುದಿಲ್ಲ. ಇಂಥವನು ಸೋಮಮಾವನ ಬಗ್ಗೆ ಬರೆಯಲು ಕುಳಿತಿದ್ದೇನೆ ಎಂದರೆ ಓದುವವರು ಒಂದಿಷ್ಟು ಅನುಮಾನ ಇಟ್ಟುಕೊಂಡೇ ಓದಬೇಕು. ಕೂದಲು ಕಪ್ಪು ಮಾಡುವ ಚಟ ಕೈಗೆ ಹತ್ತಿಬಿಟ್ಟಿದೆ.

ಸೋಮಮಾವ ನನಗೆ ಸೋದರಮಾವನಲ್ಲ. ನಮ್ಮ ಕಂಡಿಗದ್ದೆಯಲ್ಲಿ ಅವನು ಎಲ್ಲರಿಗೂ ಮಾವ, ಅವನಿಗಿಂತ ದೊಡ್ಡವರಿಗೆ ಸೋಮಣ್ಣ. ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಳಿದು ಹೊಳೆಯ ಕಡೆಗೆ ನಡೆದರೆ ಸಿಗುವ ಕೇರಿ ನಮ್ಮದು. ಮಾವ ಸಣ್ಣ ಆಳು. ತೊಟ್ಟ ಅಂಗಿಯೊಳಗೆ ಇನ್ನೊಬ್ಬ ಮಾವನಿಗೆ ಜಾಗ ಇರುತ್ತಿತ್ತು. ಆದರೆ ದನಿ? ಅವನು ಗದ್ದೆಯಂಚಿನಲ್ಲಿ ನಿಂತು ಎಮ್ಮೆಯನ್ನು ಕರೆದರೆ ಹೆದ್ದಾರಿಯಲ್ಲಿ ಬಸ್ಸು ನಿಲ್ಲುತ್ತದೆ ಎಂದು ನಮ್ಮಲ್ಲಿ ಹೇಳುತ್ತಿದ್ದರು. ಆ ದನಿಗಾಗಿಯೇ ಊರು ಅವನಿಗೊಂದು ಕೆಲಸ ಕೊಟ್ಟಿತ್ತು. ಅದನ್ನು ಹೇಳಲು ಸ್ವಲ್ಪ ಗದ್ದೆಗೆ ಇಳಿಯಬೇಕು.

ನಮ್ಮದು ಗಜನಿ ಭೂಮಿ. ಹೊಳೆಯಲ್ಲಿ ಸಮುದ್ರದ ಉಬ್ಬರ ಬಂದರೆ ನಮ್ಮ ಗದ್ದೆಗಿಂತ ನೀರೇ ಎತ್ತರ. ಮಳೆಗೆ ಮುಂಚೆ ತೂಬಿನ ಹಲಗೆ ಇಳಿಸಿ ಉಪ್ಪುನೀರನ್ನು ಹೊರಗೇ ನಿಲ್ಲಿಸಿದರೆ ಮಳೆ ಮಣ್ಣನ್ನು ತೊಳೆಯುತ್ತದೆ, ಉಪ್ಪು ತಾಳುವ ಕಗ್ಗದ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಹಲಗೆ ಎತ್ತಿದರೆ ಉಪ್ಪುನೀರಿನ ಜೊತೆ ಮೀನು, ಸಿಗಡಿ ಒಳಗೆ ಬರುತ್ತವೆ. ಆರು ತಿಂಗಳು ಅನ್ನ, ಆರು ತಿಂಗಳು ಸಾರು. ಇಂಥ ಗಜನಿ ಎರಡು ಅಕ್ಕಪಕ್ಕ: ಈಚೆ ನಮ್ಮದು, ಆಚೆ ಹೊಸಕಟ್ಟಿನವರದು. ನಡುವೆ ಒಂದು ಮಣ್ಣಿನ ಒಡ್ಡು. ಎರಡಕ್ಕೂ ತೂಬು ಒಂದೇ, ಅದಿರುವುದು ಹೊಸಕಟ್ಟಿನ ಬದಿಯಲ್ಲಿ. ಅಲ್ಲಿಂದ ನಮಗೆ ನೀರು ಬರುವುದು ನಡುವಿನ ಒಡ್ಡಿನ ಒಂದು ಕಂಡಿಯಿಂದ, ಮಳೆಗೆ ಮುಂಚೆ ಅದನ್ನು ಮಣ್ಣು ತುಂಬಿ ಮುಚ್ಚುತ್ತೇವೆ.

ನಮ್ಮ ಹಿರಿಯರು ಬುದ್ಧಿವಂತರು. ಯಾರನ್ನೂ, ಮುಖ್ಯವಾಗಿ ತಮ್ಮನ್ನೇ, ಪೂರ್ತಿ ನಂಬದಷ್ಟು ಬುದ್ಧಿವಂತರು. ಪ್ರತಿ ವರ್ಷ ಮಳೆಗೆ ಮುಂಚೆ ಎರಡೂ ಗಜನಿಯವರು ತಂತಮ್ಮ ಸಭೆ ಕೂಡಿ ತಮ್ಮ ಯಜಮಾನನನ್ನು ಆರಿಸುತ್ತಾರೆ. ಆದರೆ ಆರಿಸಿದ ಮಾತ್ರಕ್ಕೆ ಅವನು ಯಜಮಾನನಲ್ಲ. ನೆರೆಯ ಗಜನಿಯಿಂದ ಒಬ್ಬ ಹರಿವಾಣದಲ್ಲಿ ಎಲೆ, ಅಡಿಕೆ, ಒಂದು ಕಾಯಿ ಇಟ್ಟುಕೊಂಡು ಬರಬೇಕು. ತೂಬಿನ ಕಟ್ಟೆಯ ಮೇಲೆ ನಿಂತು, ಕೂಡಿದ ಜನರನ್ನು ಮೂರು ಸಲ ಕೇಳಬೇಕು: "ಇಂವ ನಿಮ್ಗೆ ಒಪ್ಪಿಗೆಯಾ?" ಜನ "ಒಪ್ಪಿಗೆ" ಎಂದರೆ ವೀಳ್ಯ ಯಜಮಾನನ ಕೈಗೆ. ಒಬ್ಬರೇ ಒಬ್ಬರು "ಇಲ್ಲ" ಎಂದರೂ ಹರಿವಾಣ ಕೆಳಗಿಡಬೇಕು, ಅವರ ಮಾತು ಕೇಳಿಯೇ ಮುಂದಿನದು. ನಮ್ಮ ಯಜಮಾನ ಜಟ್ಟಣ್ಣನಿಗೆ ಒಂದು ವರ್ಷ ಒಬ್ಬ ಅಜ್ಜಿ "ಇಲ್ಲ" ಅಂದಳಂತೆ. ಅವನ ಎಮ್ಮೆ ಅವಳ ಬಸಳೆ ಚಪ್ಪರ ತಿಂದಿತ್ತು. ಹೊಸಕಟ್ಟಿನಿಂದ ವೀಳ್ಯ ತಂದವನು ಬಿಸಿಲಲ್ಲಿ ಕುಳಿತು ಬಸಳೆಯ ಕಥೆ ಪೂರ್ತಿ ಕೇಳಿದ. ಜಟ್ಟಣ್ಣ ಬೇಲಿ ಕಟ್ಟಿಕೊಡುತ್ತೇನೆಂದು ಎಲ್ಲರ ಮುಂದೆ ಒಪ್ಪಿದ ಮೇಲೆಯೇ ಎಲೆ ಕೈಗೆ ಬಂತು.

ನಮ್ಮಿಂದ ಹೊಸಕಟ್ಟಿಗೆ ವೀಳ್ಯ ಒಯ್ಯುವವನು ಸೋಮಮಾವ. ಅವನು ಮೂರನೆಯ ಸಲ ಕೇಳಿದಾಗ ಹೊಳೆಯ ಆಚೆ ದಡದ ಕೊಕ್ಕರೆ ಏಳುತ್ತಿದ್ದವು.

ಹೊಸಕಟ್ಟಿನಲ್ಲಿ ಮಧುಕರ ಯಜಮಾನನಾದಾಗ ನಾವೆಲ್ಲ ಮನಸಾರೆ ಚಪ್ಪಾಳೆ ಹೊಡೆದಿದ್ದೆವು. ಸುಳ್ಳು ಹೇಳಬಾರದು, ಮನುಷ್ಯ ಕೆಲಸಗಾರ. ನೆರೆ ಬಂದು ಹೊರಗಿನ ಒಡ್ಡು ಒಡೆದಾಗ ಕಾರವಾರದ ಕಚೇರಿಗಳಿಗೆ ಅಲೆದು, ಜೆಸಿಬಿ ತರಿಸಿ, ತಾನೇ ಕೆಸರಿಗಿಳಿದು ಕಟ್ಟಿಸಿದ. ನಮ್ಮ ಬದಿಯನ್ನೂ ಪುಕ್ಕಟೆಯಾಗಿ ಸರಿಮಾಡಿಸಿಕೊಟ್ಟ. ಮರುವರ್ಷ ಸಭೆ ಸ್ವಲ್ಪ ಮುಂದಕ್ಕೆ ಹೋಯಿತು. ಆಮೇಲೆ ತೂಬಿನ ಬೀಗದ ಕೈ ಕಟ್ಟೆಯ ಪಕ್ಕದ ಮನೆಯಿಂದ ಅವನ ಮನೆಗೆ ಹೋಯಿತು. ಆಮೇಲೆ, ಮೂಲ ಊರಿನವರು ಮಾತ್ರ ಸಭೆಗೆ ಬಂದರೆ ಸಾಕು ಎಂಬ ಹೊಸ ನಿಯಮ ಬಂತು. ಅಂದರೆ ಚೆಂಡಿಯಾದ ಕಡೆ ನೌಕಾನೆಲೆಗೆ ಭೂಮಿ ಹೋದಾಗ ಇಲ್ಲಿ ಬಂದು ಗದ್ದೆ ಕೊಂಡು ನೆಲೆಸಿದ ನಾಲ್ಕು ಮನೆಯವರು ಸಭೆಯಿಂದ ಹೊರಗೆ. ಆಮೇಲೆ ಸಭೆಯೇ ಇಲ್ಲ. ಹೊರಗಿನ ಗುತ್ತಿಗೆದಾರನೊಬ್ಬನಿಗೆ ಗಜನಿಯನ್ನು ವರ್ಷವಿಡೀ ಸಿಗಡಿ ಸಾಕಲು ಕೊಡುತ್ತಾನಂತೆ, ಮಳೆಗಾಲದಲ್ಲೂ ತೂಬು ಹಾಕುವುದಿಲ್ಲವಂತೆ ಎಂಬ ಸುದ್ದಿ ಹುಟ್ಟಿತು. ಪ್ರಶ್ನೆ ಕೇಳಿದ ಒಂದಿಬ್ಬರ ಗದ್ದೆಗೆ ಆ ವರ್ಷ ಉಪ್ಪುನೀರು 'ಕೈತಪ್ಪಿ' ನುಗ್ಗಿತು.

ನಾವು ಕಂಡಿಗದ್ದೆಯವರು ಕೂಡಿ ಚರ್ಚೆ ಮಾಡಿದೆವು.

"ಅವ್ರ ಗಜನಿ, ಅವ್ರ ಮರ್ಜಿ. ಆಚೆಮನೆ ಒಲೆ ಮೇಲಿನ ಸಾರಿಗೆ ನಾವು ಉಪ್ಪು ಹಾಕುಕೆ ಹೋಗುಕಾಗ್ತದ್ಯಾ?" ಎಂದ ಜಟ್ಟಣ್ಣ.

"ಮಾತಾಡ್ದೆ ಇದ್ರೆ ನಾಳೆ ನಮ್ಗೂ ಬತ್ತದಲಾ," ಎಂದರು ಯಾರೋ ಹಿಂದಿನಿಂದ.

"ಮಾತಾಡು ಹಂಗಾರೆ! ನಾಳೆ ಒಡ್ಡು ಒಡ್ದ್ರೆ ಜೆಸಿಬಿ ಯಾರತ್ರ ಕೇಳ್ತೆ? ನಿನ್ನ ಹೆಂಡ್ತಿ ತವರುಮನೇಲಿ ಕೇಳ್ತ್ಯಾ?" ಎಂದು ಜಟ್ಟಣ್ಣ ತಿರುಗಿಬಿದ್ದ.

ಎಲ್ಲರೂ ನಕ್ಕರು. ಕಲಿತವನಲ್ಲವೇ, ನಾನೂ ಒಂದು ಮಾತು ಹೇಳಬೇಕೆಂದು ಎದ್ದು ನಿಂತು, "ನಾವು ಮಾತುಕತೆಯ ಬಾಗಿಲು ತೆರೆದಿಡಬೇಕು" ಎಂದೆ. ಅಂಗಡಿಯ ಟೀವಿಯಲ್ಲಿ ಬೆಳಿಗ್ಗೆ ಕೇಳಿದ್ದು. ತೂಬಿನ ಬಾಗಿಲು ಮುಚ್ಚುವ ಬಗ್ಗೆ ಕೂಡಿದ ಸಭೆಯಲ್ಲಿ ಬಾಗಿಲು ತೆರೆದಿಡಿ ಎಂದವನು ಬಹುಶಃ ನಾನೊಬ್ಬನೇ. ಆದರೂ ಹಲವರು ತಲೆಯಾಡಿಸಿದರು. ಏನೂ ಮಾಡದಿರಲು ಒಳ್ಳೆಯ ಮಾತೊಂದು ಸಿಕ್ಕಿತ್ತು. ಸೋಮಮಾವ ಮೂಲೆಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದ.

ಹೋದ ವರ್ಷದ ವೀಳ್ಯದ ದಿನ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದವನು ನಾನು. ಮಧುಕರನ ಬ್ಯಾನರಿಗೆ ಫೋಟೋ ಬೇಕಿತ್ತು. ತೂಬಿನ ದಾರಿ ಹಿಡಿಯುವ ಮೊದಲೇ ಮಧುಕರ ತನ್ನ ಮನೆಯ ಮುಂದೆ ಕೈ ತೋರಿಸಿ ನಿಲ್ಲಿಸಿದ.

"ಬಾ ಸೋಮಣ್ಣಾ. ಈ ಬಿಸ್ಲಲ್ಲಿ ತೂಬಿಗೆ ಯಾಕೆ ಹೋಗೂದು? ಇಲ್ಲೇ ಫ್ಯಾನಡಿ ಕೊಟ್ಬಿಡು."

"ಜನ?"

"ಜನ ಎಲ್ಲಾ ಒಪ್ಕಂಡಾಗದೆ. ನಾ ಮನೆಮನೆಗೆ ಕೇಳಿದ್ದೆ. ಸುಮ್ನೆ ಎಲ್ರ ಕೆಲ್ಸ ಕೆಡ್ಸೂದು ಯಾಕೆ ಹೇಳು."

ಜಗಲಿಯಲ್ಲಿ ತುಪ್ಪದ ಶಿರಾ ಘಮಘಮಿಸುತ್ತಿತ್ತು. ಸೋಮಮಾವ ಹರಿವಾಣ ಹಿಡಿದು ಅತ್ತ ತೂಬಿನ ಕಡೆ ನೋಡಿದ, ಇತ್ತ ನನ್ನನ್ನು ನೋಡಿದ. ನಾನು ಬೆಳಕು ಚೆನ್ನಾಗಿದೆ ಎಂದು ಮೊಬೈಲು ಎತ್ತಿದೆ. ಕೇಳದೆ ಕೊಟ್ಟು ಅವನ ಕೈಗೆ ರೂಢಿಯಿಲ್ಲ. ಆದ್ದರಿಂದ ಜಗಲಿಯಲ್ಲಿ ಇದ್ದವರನ್ನೇ ಕೇಳಿದ. ಇದ್ದವರು ಮಧುಕರನ ಭಾವಮೈದುನ, ಗುತ್ತಿಗೆದಾರನ ಅಡುಗೆಯವನು ಮತ್ತು ದೂರದ ರಾಜ್ಯದಿಂದ ಬಂದ ಜೆಸಿಬಿ ಡ್ರೈವರು.

"ಇಂವ ನಿಮ್ಗೆ ಒಪ್ಪಿಗೆಯಾ?"

"ಕ್ಯಾ ಬೋಲನಾ ಹೈ?" ಎಂದು ಡ್ರೈವರು ಭಾವಮೈದುನನನ್ನು ಕೇಳಿದ.

"ಒಪ್ಪಿಗೆ ಬೋಲ್."

"ಒಪ್ಪಿಗೇ!" ಎಂದ ಡ್ರೈವರು. ಮೂರೂ ಸಲ ಅವನದೇ ದೊಡ್ಡ ದನಿ. ಮಾವನ ದನಿ ಜಗಲಿ ದಾಟಲಿಲ್ಲ. ವೀಳ್ಯ ಕೈ ಬದಲಾಯಿಸಿತು. "ಮಾವಾ, ಸ್ವಲ್ಪ ನಗು," ಎಂದೆ ನಾನು. ಅವನು ನಗಲಿಲ್ಲ. ಎಲೆಯಲ್ಲಿ ಬಂದ ಶಿರಾವನ್ನು ಮಾತ್ರ ತಿಂದ. ಕೊಟ್ಟದ್ದನ್ನು ತಿನ್ನದೆ ಏಳುವುದು ಅವಮಾನ ಎಂದು ಬೆಳೆದವನು. ನಾನು ಎರಡು ಸಲ ಹಾಕಿಸಿಕೊಂಡೆ. ಮರುದಿನ ಬಾಳೆಗುಳಿಯಿಂದ ಹೊಸಕಟ್ಟಿನವರೆಗೆ ನನ್ನ ಬ್ಯಾನರು ನಿಂತಿತು: "ಅವಿರೋಧ ಆಯ್ಕೆ. ನೆರೆಯೂರಿನ ಹಿರಿಯರಿಂದ ಗೌರವ." ಆ ಹಿರಿಯರು ಬ್ಯಾನರಿನಲ್ಲಿ ನಗುತ್ತಿದ್ದರು. ಅದನ್ನು ನಾನೇ ಮಾಡಿದ್ದೆ.

ಆ ಮಳೆಗಾಲ ತೂಬಿನ ಹಲಗೆ ಇಳಿಯಲೇ ಇಲ್ಲ.

ಆಷಾಢದ ಒಂದು ಮಧ್ಯಾಹ್ನ ಸುಬ್ಬಿ ಮಾವನ ಅಂಗಳಕ್ಕೆ ಬಂದಳು. ಚೆಂಡಿಯಾದಿಂದ ಬಂದ ನಾಲ್ಕು ಮನೆಗಳಲ್ಲಿ ಒಂದರ ಹೆಂಗಸು. ಗಂಡ ಹೋದಮೇಲೆ ತಾನೇ ಗದ್ದೆ ಮಾಡುತ್ತಿದ್ದಾಳೆ. ಕಂಬಳಿಕೊಪ್ಪೆಯಿಂದ ನೀರು ಸುರಿಯುತ್ತಿತ್ತು, ಮುಷ್ಟಿಯಲ್ಲಿ ಕೊಳೆತ ಮೊಳಕೆ. ನಾನು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದೆ.

"ಸೋಮಣ್ಣಾ, ಶಿರಾ ಹ್ಯಾಂಗಿತ್ತು?" ಎಂದಳು.

"ಕೂತ್ಕ ತಂಗಿ."

"ಕೂತ್ಕಂಬುಕೆ ಬಂದದ್ದಲ್ಲ. ಆ ದಿನ ನಾವು ನಾಲ್ಕು ಮನೆಯವ್ರು ತೂಬಿನ ಹತ್ರ ನಿಂತಿದ್ವು, ಬೆಳಗಿಂದ. ಮಕ್ಕಳಿಗೂ ಹೇಳಿಟ್ಟಿದ್ದೆ, ಸೋಮಣ್ಣ ಬತ್ತಾನೆ, ಕೇಳ್ತಾನೆ, ಆಗ ಗಟ್ಟಿಯಾಗಿ 'ಇಲ್ಲ' ಅನ್ಬೇಕು ಅಂತ. ಸಭೆಗೆ ನಮ್ಮ ಸೇರ್ಸೂದಿಲ್ಲ, ಆದ್ರೆ ತೂಬಿನ ಹತ್ರ ನಿಂತವ್ರನ್ನ ನೀ ಬಿಡೂದಿಲ್ಲ ಅಂತ ನಂಬಿದ್ದೆ."

ಮಾವ ಮಣೆಯನ್ನು ಅವಳ ಕಡೆ ಸರಿಸಿದ.

"ಮಧುಕರನ ಮುಂದೆ ನಾನಾಗೆ ಬಾಯಿ ಬಿಡುಕೆ ನಂಗೆ ಹೆದ್ರಿಕೆ. ಹೌದು ಮಾರಾಯಾ, ಹೆದ್ರಿಕೆ. ಆದ್ರೆ ನೀ ಕೇಳಿದ್ದಕ್ಕೆ ಹೇಳೂದು ಬೇರೆ. ಆಚೆ ಊರವ ಕೇಳ್ದ, ನಾ ಉತ್ರ ಕೊಟ್ಟೆ, ಅಷ್ಟೇ ಅಂಬಹುದಿತ್ತು. ನಿನ್ನ ಪ್ರಶ್ನೆ ನಮ್ಗೆ ಮಳೇಲಿ ಕೊಪ್ಪೆ ಇದ್ದಂಗೆ. ಬಿಸ್ಲು ಇಳ್ದ ಮೇಲೆ ಯಾರೋ ಬಂದು ಹೇಳ್ದ್ರು, ವೀಳ್ಯ ಆಗೋಯ್ತು, ಸೋಮಣ್ಣ ಶಿರಾ ತಿಂದ್ಕಂಡು ಮನೆಗೆ ಹೋದ ಅಂತ."

"ನಾ ಕೇಳಿದ್ದೆ ತಂಗಿ."

"ಯಾರತ್ರ?"

ಅವಳು ಕೊಳೆತ ಮೊಳಕೆಯನ್ನು ಜಗಲಿಯ ಅಂಚಿನಲ್ಲಿ ಇಟ್ಟಳು. "ಬಿತ್ತಿದ್ದೆಲ್ಲಾ ಉಪ್ಪಿಗೆ ಹೋಯ್ತು. ಬೀಜಕ್ಕೆ ಅಂತ ಹುಲ್ಲಲ್ಲಿ ಕಟ್ಟಿಟ್ಟ ಒಂದು ಮುಡೆ ಉಳ್ದದೆ. ಬರೂ ವರ್ಷ ಅದೂ ಮಣ್ಣಿಗೆ ಬೀಳದೆ ಇದ್ರೆ ಹುಟ್ಟೂದಿಲ್ಲ. ನಮ್ಮ ಅಪ್ಪ ಆ ಊರಿಂದ ತಲೆ ಮೇಲೆ ಹೊತ್ಕಂಡು ಬಂದ ಬೀಜ ಅದು. ಅಷ್ಟು ಹೇಳುಕೆ ಬಂದೆ." ಚಹಾ ಬೇಡವೆಂದು ಹೊರಟುಹೋದಳು.

ಅಂದಿನಿಂದ ಮಾವನ ದನಿ ಇಳಿಯಿತು. ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಅವನು ಎಮ್ಮೆಯನ್ನು ಕರೆಯಲು ತಟ್ಟೆ ಬಡಿಯತೊಡಗಿದ. ಊರವರು ಕೆಮ್ಮು ಎಂದರು, ಬೀಡಿ ಎಂದರು. ನಾನು ಕಾರವಾರಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿದೆ. ಅವರು ದೀಪ ಹಾಕಿ ಬಾಯೊಳಗೆ ನೋಡಿ, ಗಂಟಲಿಗೆ ಏನೂ ಆಗಿಲ್ಲ, ಇಷ್ಟು ಗಟ್ಟಿ ಗಂಟಲು ಈ ವಯಸ್ಸಿನಲ್ಲಿ ನೋಡಿಲ್ಲ ಎಂದರು. ತಿರುಗಿ ಬರುವಾಗ ಬಸ್ಸು ಚೆಂಡಿಯಾದ ಹತ್ತಿರ ಬಂದಾಗ ಮಾವ ಕಿಟಕಿಯಿಂದ ನೌಕಾನೆಲೆಯ ಉದ್ದದ ಗೋಡೆ ನೋಡುತ್ತಿದ್ದ.

"ಸುಬ್ಬಿ ಊರು ಇಲ್ಲೇ ಎಲ್ಲೋ ಇತ್ತಲ್ಲಾ?"

"ಹೌದಂತೆ."

"ಆಗ ನಾವು ಎಂತಾ ಮಾಡಿದ್ವು?"

"ನಾ ಆಗ ಹುಟ್ಟಿರ್ಲಿಲ್ಲ ಮಾವಾ."

"ನಾ ಹುಟ್ಟಿದ್ದೆ," ಎಂದ.

ಮಳೆ ಮುಗಿಯುವ ಹೊತ್ತಿಗೆ ನಡುವಿನ ಒಡ್ಡಿನಡಿಯಿಂದ ಉಪ್ಪುನೀರು ಜಿನುಗಿ ನಮ್ಮ ತಗ್ಗಿನ ಗದ್ದೆಗಳ ಭತ್ತವೂ ಕೆಂಪಾಯಿತು. ಆಗ ನೋಡಬೇಕಿತ್ತು ನಮ್ಮ ಕಂಡಿಗದ್ದೆಯವರ ರೋಷ. "ಇನ್ನು ಸುಮ್ನಿರುಕಾಗೂದಿಲ್ಲ! ಇದು ಅನ್ಯಾಯ!" ಎಂದು ಜಟ್ಟಣ್ಣ ಗುಡುಗಿದ. ಅನ್ಯಾಯ ಹೊಸಕಟ್ಟಿನಲ್ಲಿ ಎರಡು ವರ್ಷದಿಂದ ಇತ್ತು. ನಮ್ಮ ಗದ್ದೆಗೆ ಬಂದಮೇಲೆ ಅದಕ್ಕೆ ಹೆಸರು ಸಿಕ್ಕಿತು. ಹೊಸಕಟ್ಟಿನವರಿಗೆ ಬುದ್ಧಿ ಕಲಿಸಬೇಕೆಂದು ಒಡ್ಡಿನ ಮೇಲಿನ ಕಾಲುದಾರಿಗೆ ಮುಳ್ಳಿನ ಕಂಟಿ ಬಡಿದು ಮುಚ್ಚಿದರು. ಅಲ್ಲಿಂದ ಯಾರೂ ಈಚೆ ಬರಬಾರದು. ಕಂಟಿ ಕಟ್ಟುವಾಗ ಹಗ್ಗ ಹಿಡಿದವರಲ್ಲಿ ನಾನೂ ಇದ್ದೆ. ಹೋರಾಟಗಾರನಂತೆ ಕಂಡೆನೇ ಎಂದು ಮನೆಗೆ ಬಂದು ಕನ್ನಡಿಯಲ್ಲೂ ನೋಡಿಕೊಂಡೆ.

ಮಧುಕರ ಬಾಳೆಗುಳಿಯ ಡಾಂಬರು ರಸ್ತೆಯಲ್ಲಿ ಕಾರಿನಲ್ಲಿ ಓಡಾಡಿಕೊಂಡಿದ್ದ. ಕಂಟಿಯ ಆಚೆ ಹುಲ್ಲಿನ ಹೊರೆ ಹೊತ್ತು ನಿಂತವಳು ಸುಬ್ಬಿ, ಅವಳ ಹಿಂದೆ ಇನ್ನಿಬ್ಬರು. ಅದನ್ನು ಕಂಡ ಮಾವ ಕತ್ತಿ ತಂದು ಕಂಟಿ ಕಡಿಯತೊಡಗಿದ.

"ಏ ಸೋಮಣ್ಣಾ, ನೀ ಯಾರ ಬದಿಗೆ?" ಎಂದು ಜಟ್ಟಣ್ಣ ಓಡಿಬಂದ.

"ಮಧುಕರ ಈ ಒಡ್ಡು ಮೇಲೆ ನಡ್ದು ಎಷ್ಟು ಕಾಲ ಆಯ್ತಾ? ಮುಳ್ಳು ಚುಚ್ಚೂದು ಯಾರ ಕಾಲಿಗೆ?"

"ಹಂಗಾರೆ ಸುಮ್ನಿದ್ರೂ ತಪ್ಪು, ಮಾಡಿದ್ರೂ ತಪ್ಪು. ಎಂತಾ ಮಾಡ್ಬೇಕು ನೀನೇ ಹೇಳು."

ಮಾವ ಕಡಿದ ಕಂಟಿಯನ್ನು ಬದಿಗೆಳೆದು ಸುಬ್ಬಿಗೆ ದಾರಿ ಬಿಟ್ಟ. ಅವಳು ಅವನ ಮುಖ ನೋಡದೆ ದಾಟಿದಳು.

ಈ ವರ್ಷ ಮತ್ತೆ ವೀಳ್ಯದ ಹೊತ್ತು ಬಂತು. ಜೆಸಿಬಿಯ ಅಗತ್ಯ ನಮಗೆ ಹಾಗೆಯೇ ಇದ್ದುದರಿಂದ, ರೂಢಿಯಂತೆ ವೀಳ್ಯ ಕಳಿಸುವುದೆಂದು ಜಟ್ಟಣ್ಣ ಹೇಳಿ ಕಳಿಸಿದ್ದ. ಹಿಂದಿನ ದಿನ ಮಾವ ಎಲೆಯಡಿಕೆ ಕೊಳ್ಳಲು ಕಾರವಾರಕ್ಕೆ ಬಂದವನು, ನನ್ನ ಜೊತೆಗೇ ಊರಿಗೆ ಹೋದರಾಯಿತೆಂದು ಅಂಗಡಿಗೆ ಬಂದ. ನಮ್ಮ ಮಾಲಕ ರಾಮನಾಥಮಾಮ ಟೀವಿ ನೋಡುತ್ತಿದ್ದರು. ಯಾವುದೋ ನೆರೆಯ ದೇಶದಲ್ಲಿ ಚುನಾವಣೆ ರದ್ದಾಗಿ, ಅಧ್ಯಕ್ಷ ತಾನೇ ಮುಂದುವರಿಯುತ್ತೇನೆಂದು ಘೋಷಿಸಿದ್ದ.

"ಪಳೆ ರೇ ಯೋಗೇಶಾ!" ನೋಡೋ ಎಂದು ಕೊಂಕಣಿಯಲ್ಲಿ ನನ್ನನ್ನು ಕರೆದು ಮಾಮ ಮೇಜು ಗುದ್ದಿದರು. "ಬಾಜೂಲಿದ್ದವ್ರೆಲ್ಲ ಬಾಯಿಮುಚ್ಕಂಡು ಕೂತಿದ್ದಾರೆ. ಮೊದಲ್ನೇ ದಿನವೇ ಗಟ್ಟಿ ಹೇಳ್ಬೇಕಿತ್ತು! ನಾಚ್ಕೆ ಇಲ್ಲ." ಅದೇ ಉಸಿರಿನಲ್ಲಿ, "ಆ ಮಧುಕರ್‌ಂದು ಆಯ್ತಾ? ಚಾ ಟೈಮಿಗೆ ಜನ ಬತ್ತಾರೆ ಒಯ್ಯುಕೆ," ಎಂದರು.

ಆಗಿತ್ತು. ಮೇಜಿನ ಮೇಲೆ ಶಾಯಿ ಆರಲು ಹಾಸಿಟ್ಟಿದ್ದೆ. ಮಾವ ಅದರ ಮುಂದೆ ನಿಂತ.

"ಇದು ಯಾವತ್ತಿಂದಾ?"

"ನಾಳೆದು ಮಾವಾ."

"ನಾಳೆ ಕೊಡೂ ವೀಳ್ಯ ಇವತ್ತೇ ಕೊಟ್ಟಾಯ್ತಾ?"

"ಹೋದ ವರ್ಷದ ಫೋಟೋನೇ. ಅಂಗಿ ಬಣ್ಣ ಬದ್ಲು ಮಾಡಿದ್ದೆ."

ಮಾವ ತನ್ನದೇ ದೊಡ್ಡ ಮುಖದ ಮೇಲೆ ಬೆರಳಿಟ್ಟ. ಹಸಿ ಶಾಯಿ ಬೆರಳಿಗೆ ಹತ್ತಿತು. "ನಗ್ತಾ ಇದ್ದೆ ನಾನು," ಎಂದ.

"ನೀ ನಕ್ಕಿರ್ಲಿಲ್ಲ. ಅದು ನಾ ಎಳ್ದದ್ದು."

"ಹಂಗಾರೆ ನಾ ಹೋಗೂದೇ ಬೇಡಲ್ಲಾ. ಇವ್ನನ್ನೇ ಕಳ್ಸಿದ್ರಾಯ್ತು." ಆಮೇಲೆ ಬೆರಳನ್ನು ಲುಂಗಿಗೆ ಒರೆಸಿ, "ಇಲ್ಲ, ಹೋಗ್ತೆ. ನಾಳೆ ಬೈಕು ತಕಂಡು ಬಾ. ಫೋಟೋ ಗೀಟೋ ಬೇಡ," ಎಂದ. ಬ್ಯಾನರನ್ನು ನಾನು ಸುತ್ತಿ ಮಧುಕರನ ಜನರಿಗೆ ಕೊಟ್ಟೆ. ಕೊಡದೆ ಇರಬಹುದಿತ್ತು ಎಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು. ನನಗೆ ಧೈರ್ಯ ಬರುವುದು ಯಾವಾಗಲೂ ಬಸ್ಸಿನಲ್ಲಿ.

ಮರುದಿನ ಮಧುಕರನ ಮನೆಯ ಮುಂದೆ ಮಾವ ನನ್ನ ಹೆಗಲು ಒತ್ತಿ, "ನಿಲ್ಸಬೇಡ" ಎಂದ. ಜಗಲಿಯಿಂದ ಯಾರೋ ಕೂಗಿದರು. ನಾವು ತೂಬಿನ ಕಟ್ಟೆಗೆ ಹೋಗಿ ಇಳಿದೆವು. ಅಲ್ಲಿ ಯಾರೂ ಇರಲಿಲ್ಲ. ಮಾವ ಕಟ್ಟೆಯ ಮೇಲೆ ಹರಿವಾಣವನ್ನು ತೊಡೆಯ ಮೇಲಿಟ್ಟು ಕುಳಿತ. ಗದ್ದೆಗಳಲ್ಲಿ ಚದುರಿದ್ದವರು ಒಬ್ಬೊಬ್ಬರಾಗಿ ತಲೆಯೆತ್ತಿದರು. ಕೆಲವರು ಹತ್ತಿರ ಬಂದರು, ಕೆಲವರು ಬಂದಂತೆ ಮಾಡಿ ಅಂಚಿನಲ್ಲೇ ನಿಂತರು. ಸುಬ್ಬಿ ತಲೆಯ ಮೇಲಿನ ಬುಟ್ಟಿಯನ್ನು ಇಳಿಸದೆಯೇ ನಿಂತಿದ್ದಳು. ನನ್ನ ಮೊಬೈಲು ಹೊಡೆದುಕೊಳ್ಳುತ್ತಿತ್ತು. ಜಟ್ಟಣ್ಣ. ನಾನು ಎತ್ತಲಿಲ್ಲ, ಅಂದಿನ ನನ್ನ ಪೂರ್ತಿ ಶೌರ್ಯ ಇಷ್ಟೇ.

ಮಧುಕರ ಬೈಕಿನಲ್ಲಿ ಬಂದ. ನಗುತ್ತಲೇ ಬಂದ.

"ಎಂತಾ ಸೋಮಣ್ಣಾ, ಮನೆ ದಾರಿ ಮರ್ತೋಯ್ತಾ? ಶಿರಾ ಆರ್ತಾ ಅದೆ."

ಮಾವ ಎದ್ದು ನಿಂತ. "ಇಂವ ನಿಮ್ಗೆ ಒಪ್ಪಿಗೆಯಾ?" ದನಿ ಒಡೆದು ಕೆಮ್ಮು ಬಂತು. ಯಾರೋ ನಕ್ಕರು. ಎರಡನೆಯ ಸಲ ಸ್ವಲ್ಪ ಕೇಳಿಸಿತು. ಮೂರನೆಯ ಸಲ ಕಣ್ಣು ಮುಚ್ಚಿ ಕೂಗಿದ. ಹೊಳೆಯ ಆಚೆ ದಡದಲ್ಲಿ ಕೊಕ್ಕರೆ ಎದ್ದವು.

ಗುತ್ತಿಗೆದಾರನ ಪಂಪಿನ ಸದ್ದು ಮಾತ್ರ. ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಸುಬ್ಬಿ ಬುಟ್ಟಿ ಇಳಿಸಿದಳು.

"ಇಲ್ಲ," ಎಂದಳು.

ಹಿಂದೆಲ್ಲಿಂದಲೋ ಇನ್ನೊಂದು "ಇಲ್ಲ" ಬಂತು. ಗಂಡಸಿನ ದನಿ, ಮೂಲ ಊರಿನವನದೇ 'ಇಲ್ಲ'.

"ಯಾರಾ ಅದು?" ಮಧುಕರ ತಿರುಗಿದ. ನಗು ಇರಲಿಲ್ಲ.

"ನಾ ಕೇಳ್ದೆ, ಅವ್ರು ಹೇಳಿರು," ಎಂದ ಮಾವ. "ಕೇಳೂದಿದ್ರೆ ನನ್ನ ಕೇಳು."

"ನಿನ್ನ ಎರಡು ಎಲೆ ಇಲ್ದಿದ್ರೆ ತೂಬು ನನ್ನ ಮಾತು ಕೇಳೂದಿಲ್ಲ ಅಂತ ತಿಳ್ಕಂಡ್ಯಾ?"

"ಕೇಳ್ತದೆ. ಬೀಗದ ಕೈ ನಿನ್ನ ಹತ್ರವೇ ಅದೆ. ಆದ್ರೆ ನೆರೆಯವ್ರು ಒಪ್ಪಿದ್ರು ಅಂತ ಮಾತ್ರ ಹೇಳ್ಕಂಬೇಡ. ಹೋದ ವರ್ಷ ಕೊಟ್ಟದ್ದೂ ಸುಳ್ಳು ವೀಳ್ಯ. ಅದು ನನ್ನ ತಪ್ಪು." ಹರಿವಾಣದ ಮೇಲೆ ಹೆಗಲಿನ ವಸ್ತ್ರ ಮುಚ್ಚಿ ಕಟ್ಟೆಯಿಂದ ಇಳಿದ.

ಇಲ್ಲಿ ನಾನು ಫ್ಲೆಕ್ಸಿನವನ ಬುದ್ಧಿ ತೋರಿಸಿ ಬಣ್ಣ ಹಚ್ಚಬಾರದು. ತೂಬಿನ ಹಲಗೆ ಈ ಮಳೆಗೂ ಇಳಿಯಲಿಲ್ಲ. ಸಂಜೆಗೆ ನನ್ನ ಬ್ಯಾನರು ಬಾಳೆಗುಳಿಯಲ್ಲಿ ಏರಿತು; ಅದರಲ್ಲಿ ಮಾವ ನಗುತ್ತ ವೀಳ್ಯ ಕೊಡುತ್ತಲೇ ಇದ್ದ. ಆದರೆ ಅದು ನಡೆದಿಲ್ಲವೆಂದು ಎರಡೂ ಊರಿಗೆ ಗೊತ್ತಿತ್ತು. ಒಬ್ಬಿಬ್ಬರು ಹೊಸಕಟ್ಟಿನವರು ಬ್ಯಾನರಿನ ಕೆಳಗೆ ಬಸ್ಸಿಗೆ ಕಾಯುತ್ತ, "ಸೋಮಣ್ಣ ಎಷ್ಟು ಚಂದ ನಗ್ತಾನೆ ನೋಡು" ಎಂದು ತಮಾಷೆ ಮಾಡುವುದನ್ನು ನಾನೇ ಕೇಳಿದೆ. ಹೋದ ವರ್ಷ ಅವರಿಗೆ ಅಷ್ಟು ತಮಾಷೆಯೂ ಸಾಧ್ಯವಿರಲಿಲ್ಲ. ನಮಗೆ ಜೆಸಿಬಿ ಬರುವುದು ನಿಂತಿತು. ಮಳೆಗೆ ನಮ್ಮ ಒಡ್ಡು ಕುಸಿದಾಗ ಬುಟ್ಟಿಯಲ್ಲಿ ಮಣ್ಣು ಹೊತ್ತೆವು, ಪ್ರತಿ ಬುಟ್ಟಿಗೂ ಮಾವನನ್ನು ಬಯ್ದೆವು. ನಾನು ಅರ್ಧ ದಿನ ಹೊತ್ತು, ಸೊಂಟ ಹಿಡಿದು ರಜೆ ಹಾಕಿದೆ.

ಮಾವನ ಚಿಂತೆ ಸುಬ್ಬಿಯ ಆ ಒಂದು ಮುಡೆ ಬೀಜ. ಮಿರ್ಗದ, ಅಂದರೆ ಮೃಗಶಿರೆಯ ಮಳೆ ಹಿಡಿದ ದಿನ ಒಡ್ಡು ದಾಟಿ ಸುಬ್ಬಿಯ ಮನೆಗೆ ಹೋದ.

"ನನ್ನ ಮೇಲ್ಗದ್ದೆಗೆ ಉಪ್ಪು ಹತ್ಲಿಲ್ಲ. ಅಲ್ಲಿ ಬಿತ್ತು ತಂಗಿ. ಗದ್ದೆ ಈ ವರ್ಷ ನಿಂದೇ ಅಂದ್ಕ."

"ನಿನ್ನ ಗದ್ದೆ ನಂಗೆ ಬೇಡ. ಒಂದು ಸಲ ಊರು ಬಿಟ್ಟು ಬಂದೆ, ಇನ್ನೊಂದು ಸಲ ಒಡ್ಡು ದಾಟಿ ಬತ್ತಿಲ್ಲ. ಬೀಜ ಕೊಡ್ತೆ, ಬಿತ್ತೂದು ನೀನು. ಬೆಳೆದದ್ದು ನನ್ನ ಬೀಜ. ಬರೂ ವರ್ಷ ನನ್ನ ಗದ್ದೆಗೇ ವಾಪಸ್ ಬರ್ಬೇಕು."

"ಬರೂ ವರ್ಷವೂ ತೂಬು ಹಾಕ್ದಿದ್ರೆ?"

"ಬರೂ ವರ್ಷವೂ ಬಂದು ಕೇಳು."

ಮುಡೆಯನ್ನು ಅವನೇ ತಲೆಯ ಮೇಲೆ ಹೊತ್ತು ಒಡ್ಡಿನ ಮೇಲೆ ನಡೆದು ಬಂದ. ಉತ್ತಿದ, ಬಿತ್ತಿದ, ಹಕ್ಕಿ ಕಾದ. ತನ್ನ ಗದ್ದೆಗೂ ಹಾಗೆ ಕಾದವನಲ್ಲ.

ಹೋದ ವಾರ ಕೊಯ್ಲಾಯಿತು. ಬೀಜದ ಭತ್ತ ಒಣಗಿಸಲು ಸುಬ್ಬಿ ಒಂದು ಫ್ಲೆಕ್ಸ್ ಸುತ್ತಿಕೊಂಡು ಮಾವನ ಅಂಗಳಕ್ಕೆ ಬಂದಳು. ಗಾಳಿಗೆ ಬಿದ್ದ ಬ್ಯಾನರು. ನಮ್ಮ ಕಡೆ ಬ್ಯಾನರುಗಳ ಕೊನೆ ಯಾವಾಗಲೂ ಹೀಗೆ, ಭತ್ತದ ಅಡಿ ಅಥವಾ ಕೊಟ್ಟಿಗೆಯ ಮೇಲೆ. ಬಿಚ್ಚಿ ಹಾಸಿದಳು. ಮಾವನ ಮುಖ ಅಂಗಳದಷ್ಟಾಯಿತು.

"ಮಗುಚಿ ಹಾಸೇ ತಂಗಿ," ಎಂದ.

"ಬೇಡ. ಮೇಲೇ ಇರ್ಲಿ. ಭತ್ತ ಕೆದಕುವಾಗೆಲ್ಲ ಕಾಣ್ತದೆ. ಎಲ್ಲಿ ನಿಂತು ಕೇಳ್ಬೇಕು ಅಂಬೂದು ನೆನಪಿರ್ತದೆ."

ಅವಳು ಭತ್ತ ಸುರಿದು, ಸಂಜೆ ಬರುತ್ತೇನೆಂದು ಹೋದಳು. ಮಾವ ಕಾಲಿನಿಂದ ಭತ್ತವನ್ನು ಸರಿಸಿ ಮೊದಲು ತನ್ನ ಮುಖವನ್ನು ಮುಚ್ಚಿದ. ಆದರೆ ಒಣಗಬೇಕೆಂದರೆ ಕೆದಕಲೇಬೇಕು. ಕೆದಕಿದರೆ ಆ ನಗು ಮತ್ತೆ ಹೊರಗೆ ಬರುತ್ತಿತ್ತು. ನಾನು ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತ ನೋಡುತ್ತಿದ್ದೆ. ಆ ನಗುವನ್ನು ಅಷ್ಟು ಅಗಲ ಎಳೆಯಬಾರದಿತ್ತು ನಾನು.